ಕಪ್ಪು ಬಳಿದ ಗಾಡಿ, ಗದ್ದೆಗಿಳಿದ ದೋಣಿ

ದೋಣಿ ಗದ್ದೆಯಲ್ಲಿ ಬಿದ್ದಿತ್ತು. ಹೊಳೆಹೊನ್ನೂರು ರಸ್ತೆಯ ಪಕ್ಕ, ಕೊಯ್ಲಿಗೆ ಬಂದಿದ್ದ ಬೇಸಿಗೆ ಭತ್ತವನ್ನು ಅಷ್ಟಗಲ ಮಲಗಿಸಿ, ಒಂದು ಮಗ್ಗುಲಿಗೆ ವಾಲಿಕೊಂಡು. ಟ್ರೈಲರ್ ರಸ್ತೆಗೆ ಅಡ್ಡ. ಅದನ್ನು ಎಳೆಯುತ್ತಿದ್ದ ನನ್ನ ಎಸ್‌ಯುವಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು. ನಾನು, ಡ್ರೈವರಣ್ಣ ಇಬ್ಬರೂ ಕೆಳಗಿಳಿದು ಕೈಕಾಲು ನೆಟ್ಟಗಿವೆಯೇ ಎಂದು ನೋಡಿಕೊಳ್ಳುವಷ್ಟರಲ್ಲಿ ಜನ ಸೇರಿದರು. "ಏನ್ ಮೇಡಂ, ಹೊಳೆ ಆ ಕಡೆ ಇದ್ರೆ ನೀವು ಗದ್ದೆಗೆ ದೋಣಿ ಬಿಟ್ರಲ್ಲ?" ಎಂದು ಬೈಕಿನವನೊಬ್ಬ ಹಲ್ಲು ಗಿಂಜಿದ. ಅವನನ್ನು ಬೈಕಿನ ಸಮೇತ ಎತ್ತಿ ಅದೇ ಗದ್ದೆಗೆ ಬಿಸಾಡಬೇಕು ಅನ್ನಿಸಿತು.

ನನ್ನ ಕೆಲಸ ಕೆರೆಗಳ ಆಳ ಅಳೆಯುವುದು. ದೋಣಿಗೆ ಕಟ್ಟಿದ ಯಂತ್ರ ನೀರಿನೊಳಗೆ ಶಬ್ದ ಕಳಿಸುತ್ತದೆ, ಅದು ತಳಕ್ಕೆ ಬಡಿದು ವಾಪಸ್ ಬರುತ್ತದೆ. ಅದರಿಂದ ಆಳ ತಿಳಿದು, ಎಷ್ಟು ಹೂಳು ತುಂಬಿದೆ ಎಂದು ನಕ್ಷೆ ಮಾಡಿ ಕೊಡುತ್ತೇನೆ. ಹೂಳೆತ್ತುವ ಕಂಟ್ರಾಕ್ಟರುಗಳಿಗೆ ಮಳೆಗಾಲಕ್ಕೆ ಮುಂಚೆಯೇ ನಕ್ಷೆ ಕೈಯಲ್ಲಿರಬೇಕು. ಹಾಗಾಗಿ ಬೇಸಿಗೆ ಪೂರ್ತಿ ದೋಣಿಯನ್ನು ಟ್ರೈಲರಿನ ಮೇಲೆ ಹೊರಿಸಿಕೊಂಡು ಕೆರೆಯಿಂದ ಕೆರೆಗೆ ಅಲೆಯುವುದು. ದೋಣಿ, ಅದರ ಹಿಂದಿನ ಇಂಜಿನ್, ಪೆಟ್ರೋಲ್ ಕ್ಯಾನು, ಬ್ಯಾಟರಿ ಎಲ್ಲ ಸೇರಿದರೆ ಸಣ್ಣ ಕಾರು ಎಳೆಯುವ ಭಾರವಲ್ಲ. ಅದರಲ್ಲೂ ಕೆರೆಯ ದಂಡೆಯ ಕೆಸರಿನಿಂದ ಮೇಲಕ್ಕೆ ಎಳೆಯುವಾಗ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯೇ ಬೇಕು. ಹೊಸದು ಕೊಳ್ಳುವ ಶಕ್ತಿ ಇಲ್ಲದವರು ಹಳೆಯದಕ್ಕೆ ಕೈ ಹಾಕುತ್ತಾರೆ. ನಾನೂ ಹಾಕಿದೆ.

ನಮ್ಮ ಕಡೆ ಹಳೇ ಗಾಡಿ ಕೊಳ್ಳುವುದೆಂದರೆ ಮೊದಲು ಗಾಡಿ ನೋಡುವುದಿಲ್ಲ. ಗೊತ್ತಿರುವವರು ಯಾರಿದ್ದಾರೆ ಎಂದು ನೋಡುತ್ತೇವೆ. ಭದ್ರಾವತಿಯ ಡೀಲರ್ ಒಬ್ಬ ನನ್ನ ಗಂಡನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಸರಿ, ಅವನೇ ದೇವರು. ನನ್ನ ಗಂಡ ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುವ ಮನುಷ್ಯ. ಸ್ಕೂಟರ್ ಓಡಿಸುವಾಗಲೂ ಎರಡೂ ಕಾಲು ಇಳಿಬಿಟ್ಟುಕೊಂಡು ಹೋಗುವವರು. ಡೀಲರ್ ಮಾತ್ರ ಕ್ಲಚ್ಚು, ಗೇರು, ಇಂಜಿನ್ನು ಎಲ್ಲವನ್ನೂ ಅವರಿಗೇ ವಿವರಿಸಿದ. ದುಡಿದು ಗಾಡಿ ಕೊಳ್ಳುತ್ತಿರುವವಳು ನಾನು, ದೋಣಿ ನನ್ನದು. ನಾನು ಪ್ರಶ್ನೆ ಕೇಳಿದರೆ ಉತ್ತರ ನನ್ನ ತಲೆಯ ಮೇಲೆ ಹಾದು ಗಂಡನಿಗೆ ಹೋಗುತ್ತಿತ್ತು. "ಮೇಡಂಗೆ ಹೇಳಿ ಸಾರ್, ದೋಣಿ ಅಲ್ಲ, ಹಡಗು ಕಟ್ಟಿದ್ರೂ ಎಳಿಯತ್ತೆ!" ಪಕ್ಕದಲ್ಲೇ ನಿಂತವಳಿಗೆ ಹೇಳಿಕಳಿಸುವ ಈ ರೀತಿ ನೋಡಿ ಅಂದೇ ಮೈ ಉರಿದಿತ್ತು. ಕೊಳ್ಳದೆ ಎದ್ದು ಬಂದಿದ್ದರೆ ಚೆನ್ನಾಗಿತ್ತು.

ಆದರೆ ಗಾಡಿ ನೋಡಲು ಚೆನ್ನಾಗಿತ್ತು. ಬಾನೆಟ್ ಎತ್ತಿ ನೋಡಿದೆ, ಹೊಗೆ ನೋಡಿದೆ, ಟೈರು ನೋಡಿದೆ. ಟಾರ್ಚ್ ಹಿಡಿದು ಅಡಿಗೆ ಬಗ್ಗಿ ನೋಡಿದರೆ ಅಂಡರ್‌ಕೋಟಿಂಗ್ ಹೊಸದಾಗಿ ಬಳಿದು ಮಿರಮಿರ ಮಿಂಚುತ್ತಿತ್ತು. ನಮ್ಮ ಕಡೆಯ ಮಳೆಗೆ ಗಾಡಿಯ ಅಡಿ ತುಕ್ಕು ಹಿಡಿದು ಉದುರಿಹೋಗುತ್ತದೆ. ಅದಕ್ಕೇ ಜೂನ್ ಬರುವ ಮುಂಚೆ ಜತನದ ಜನ ಅಡಿಗೆಲ್ಲ ಕಪ್ಪು ಬಳಿಸುತ್ತಾರೆ. ಹೊಸ ಕಪ್ಪು ಕಂಡರೆ ಇದು ಮರ್ಯಾದಸ್ಥರ ಮನೆಯಲ್ಲಿದ್ದ ಗಾಡಿ ಎಂದೇ ಅರ್ಥ. ನಾನು ಮೆಚ್ಚಿದೆ, ಗಂಡನೂ ಬಗ್ಗಿ ನೋಡಿ ಮೆಚ್ಚಿದರು. ಬೈಪಾಸಿನವರೆಗೆ ಖಾಲಿ ಗಾಡಿ ಓಡಿಸಿ ನೋಡಿದೆವು. ಅಲುಗಾಡಲಿಲ್ಲ. ಹಿಂದೆ ಟ್ರೈಲರ್ ಕಟ್ಟುವ ಕೊಕ್ಕೆ ಕೂರಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಟ್ಟು ಮನೆಗೆ ತಂದೆವು.

ಮನೆ ಅಂದರೆ ಶಿವಮೊಗ್ಗದ ನವುಲೆ. ಡ್ರೈವರಣ್ಣ ಭದ್ರಾವತಿ ಓಲ್ಡ್ ಟೌನಿನವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಕಾರ್ಖಾನೆಯ ಕಬ್ಬಿಣ ಹೊರುವ ಲಾರಿ ಓಡಿಸಿ ಕೂದಲು ನೆರೆತವರು. ಈಗ ಯಾರಾದರೂ ಕರೆದರೆ ಅವರ ಕಾರು ಓಡಿಸುತ್ತಾರೆ, ಬೇಸಿಗೆಯಲ್ಲಿ ನನ್ನ ಜೊತೆ ಇರುತ್ತಾರೆ. ಆ ಬೆಳಿಗ್ಗೆ ನಮ್ಮ ಮನೆಯಲ್ಲೇ ಅವಲಕ್ಕಿ ತಿಂದು ಕಾಫಿ ಕುಡಿದು ಸ್ಟೇರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕೂತೆ. ಹೊಸ ಗಾಡಿಗೆ ದೋಣಿ ಕಟ್ಟಿಕೊಂಡು ದೂರ ಹೊರಟಿದ್ದು ಅದೇ ಮೊದಲು.

ಊರು ದಾಟುವವರೆಗೆ ಏನೂ ಇಲ್ಲ. ರಸ್ತೆ ನೇರವಾದ ಮೇಲೆ ಸ್ವಲ್ಪ ವೇಗ ಹಿಡಿದೆವು. ಎದುರಿನಿಂದ ಲಾರಿಯೊಂದು ಹಾದುಹೋದ ಗಾಳಿಗೆ ಟ್ರೈಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಿತು. ಹೀಗಾಗುವುದುಂಟು, ಒಂದೆರಡು ಸಲ ಓಲಾಡಿ ತಾನೇ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಓಲಾಟ ಒಂದಕ್ಕಿಂತ ಒಂದು ದೊಡ್ಡದಾಗುತ್ತಾ ಹೋಗಿ ನಮ್ಮ ಗಾಡಿಯ ಹಿಂಭಾಗವನ್ನೇ ಹಿಡಿದು ಜಾಡಿಸತೊಡಗಿತು. ಅಣ್ಣ ಬ್ರೇಕ್ ಮುಟ್ಟಲಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ಬಿಗಿಯಾಗಿ ನೇರ ಹಿಡಿದರು. ಆಗ ಬ್ರೇಕ್ ಒತ್ತಿದ್ದರೆ ಟ್ರೈಲರ್ ನಮ್ಮ ಮೇಲೇ ಮಗುಚಿ ಬೀಳುತ್ತಿತ್ತು. ವೇಗ ಇಳಿಯಿತು, ಆದರೆ ಕೊನೆಯ ಜಾಡಿಕೆಗೆ ದೋಣಿ ಬಿಗಿದ ಬೆಲ್ಟುಗಳು ಪಟಪಟ ಹರಿದವು. ದೋಣಿ ಹಾರಿತು, ನಾವು ಗಿರ್ರನೆ ತಿರುಗಿ ನಿಂತೆವು.

ದೋಣಿಯ ತಳ ಸೀಳಿತ್ತು, ಆಳ ನೋಡುವ ಯಂತ್ರ ಒಡೆದಿತ್ತು. ಗದ್ದೆಯ ಯಜಮಾನ್ತಿ ಕುಡುಗೋಲು ಹಿಡಿದೇ ಓಡಿಬಂದು, ನಮ್ಮ ಮುಖ ನೋಡಿ, ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ ನೀರು ಕೊಟ್ಟರು. ಅಣ್ಣ ನೀರು ಕುಡಿಯಲಿಲ್ಲ. ತಮ್ಮ ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಮನೆಗೆ ಬಂದು ಡೀಲರಿಗೆ ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಗಂಡ ಮಾಡಿದ ತಕ್ಷಣ ಎತ್ತಿದ. "ಸಾರ್, ಗಾಡಿ ಕಲ್ಲುಗುಂಡು ಇದ್ದಂಗಿದೆ. ಡ್ರೈವರ್ ಯಾರು? ಓಲ್ಡ್ ಟೌನಿನ ಆ ಮುದುಕನಾ? ಅಯ್ಯೋ ಸಾರ್, ಅವ್ನು ಬೆಳಿಗ್ಗೆ ಬೆಳಿಗ್ಗೇನೇ ಹಾಕ್ತಾನೆ!" ಸ್ಪೀಕರ್ ಆನ್ ಆಗಿತ್ತು. ನಾನು ಫೋನ್ ಕಿತ್ತುಕೊಂಡು, "ರೀ, ನಾನು ಪಕ್ಕದಲ್ಲಿ ಕೂತಿದ್ದೆ. ನಮ್ಮನೇಲಿ ಕಾಫಿ ಕುಡಿದು ಬಂದ ಮನುಷ್ಯ ಅವ್ರು. ಬಾಯಿಗೆ ಬಂದಂಗೆ ಮಾತಾಡ್ಬೇಡಿ," ಎಂದೆ. "ಮೇಡಂ, ಗಾಡಿ ವಿಷ್ಯ ನಿಮಗೆ ಗೊತ್ತಾಗಲ್ಲ. ಸಾರ್‌ಗೆ ಕೊಡಿ," ಎಂದ. ಪಿತ್ತ ನೆತ್ತಿಗೇರಿತು. ಆ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಕೋಪ ಮಾಡಿಕೊಂಡರೆ ದೋಣಿ ನೆಟ್ಟಗಾಗುವುದಿಲ್ಲವಲ್ಲ. ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಬಂದೆ. ಮೊದಲು ಟ್ರೈಲರ್. ಟ್ರೈಲರಿನ ಮೂತಿಯ ಭಾರ ಕೊಕ್ಕೆಯ ಮೇಲೆ ಸಾಕಷ್ಟು ಕೂರಬೇಕು, ಹಿಂದಕ್ಕೆ ಭಾರವಾದರೆ ಬಾಲ ಅಲ್ಲಾಡಿಸುತ್ತದೆ. ದೋಣಿಯನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಿ, ಬಚ್ಚಲುಮನೆಯ ತೂಕದ ಯಂತ್ರ ತಂದು ಮೂತಿಯಡಿ ಇಟ್ಟು ನೋಡಿದೆ, ಸರಿಯಿತ್ತು. ಟೈರಿನ ಗಾಳಿ ಸರಿಯಿತ್ತು. ಚಕ್ರದ ಬೇರಿಂಗ್ ಸರಿಯಿತ್ತು. ಆಮೇಲೆ ಪರಿಚಯದ ಕಂಟ್ರಾಕ್ಟರ್ ಒಬ್ಬರ ಪಿಕಪ್ಪಿಗೆ ಅದೇ ಟ್ರೈಲರ್ ಕಟ್ಟಿ, ದೋಣಿಯಷ್ಟೇ ಭಾರದ ಮರಳುಚೀಲ ಹೇರಿ, ಅವರ ಡ್ರೈವರನ್ನೇ ಕೂರಿಸಿ ಅದೇ ರಸ್ತೆಯಲ್ಲಿ ಓಡಿಸಿದೆ. ದಾರ ಹಿಡಿದಂತೆ ನೇರ ಹೋಯಿತು.

ಇದೇ ನನಗೆ ತಿರುಗಿಬಿತ್ತು. ಡೀಲರ್ ಈ ಸುದ್ದಿ ಕೇಳಿದ್ದೇ ತಡ, ನವುಲೆಗೆ ಬಂದು ನನ್ನ ಎಸ್‌ಯುವಿಯನ್ನು ಖಾಲಿ ತೆಗೆದುಕೊಂಡು ಹೋಗಿ, ಜೋರಾಗಿ ಓಡಿಸಿ, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ವಾಪಸ್ ಬಂದ. "ನೋಡಿ ಸಾರ್. ಟ್ರೈಲರೂ ಸರಿ, ಗಾಡೀನೂ ಸರಿ. ಇನ್ನು ಉಳಿದಿದ್ದು ಯಾವ್ದು?" ನನ್ನ ಗಂಡ ತಲೆ ಕೆರೆದುಕೊಂಡು ನನ್ನ ಕಡೆ ನೋಡಿ, "ತರ್ಕ ಸರಿಯಾಗೇ ಇದೆಯಲ್ಲ ಮಾರಾಯ್ತಿ," ಎಂದರು. ತರ್ಕವಂತೆ ತರ್ಕ! ಆ ರಾತ್ರಿ ಅವರಿಗೆ ಅನ್ನ ಬಡಿಸಿದ್ದೇ ಹೆಚ್ಚು.

ಡೀಲರ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಭದ್ರಾವತಿಯ ತುಂಬ ಹೇಳಿಕೊಂಡು ತಿರುಗಿದ. ತನ್ನ ಗಾಡಿಗೆ ಕೆಟ್ಟ ಹೆಸರು ಬರಬಾರದಲ್ಲ, ಅದಕ್ಕೆ ಒಬ್ಬ ಮನುಷ್ಯನ ಹೆಸರನ್ನು ಕೆಸರಿಗೆ ಎಳೆದ. ಅಣ್ಣನನ್ನು ಧರ್ಮಸ್ಥಳಕ್ಕೆ, ಮದುವೆಗೆ, ಆಸ್ಪತ್ರೆಗೆ ಎಂದು ಕರೆಯುತ್ತಿದ್ದ ಎರಡು ಮನೆಯವರು ಬೇರೆ ಡ್ರೈವರನ್ನು ಕರೆದರು. ಒಂದು ಬೆಳಿಗ್ಗೆ ಅಣ್ಣ ನಮ್ಮ ಮನೆಗೆ ಬಂದು, ಒಳಗೆ ಬರದೆ, ತಮ್ಮ ಹತ್ತಿರವಿದ್ದ ನನ್ನ ಗಾಡಿಯ ಇನ್ನೊಂದು ಕೀಯನ್ನು ಕಟ್ಟೆಯ ಮೇಲಿಟ್ಟರು.

"ಬೇರೆಯವ್ರನ್ನ ನೋಡ್ಕೊಳ್ಳಿ ಮೇಡಂ."

"ಯಾಕಣ್ಣ? ಅವ್ನು ಏನೋ ಬೊಗಳ್ದ ಅಂತ ನೀವು ಕೀ ತಂದಿಡೋದಾ?"

"ಅವ್ನು ಅಂದಿದ್ದಕ್ಕಲ್ಲ ಮೇಡಂ. ಕುಡಿಯಲ್ಲ ಅಂತ ನನಗೆ ಗೊತ್ತು, ದೇವ್ರಿಗೂ ಗೊತ್ತು. ಆದ್ರೆ ವಯಸ್ಸಾಯ್ತಲ್ಲ. ನನ್ನ ಕೈಯೇ ಎಲ್ಲೋ ನಡುಗ್ತೋ ಏನೋ? ನನಗೇ ತಿಳೀದೆ? ರಾತ್ರಿ ಮಲಗಿದ್ರೆ ಅದೇ ಬರತ್ತೆ. ನೀವು ಪಕ್ಕದಲ್ಲಿ ಕೂತಿದ್ರಿ. ಏನಾದ್ರೂ ಆಗಿದ್ರೆ?"

ದೋಣಿ ಸೀಳಿದ್ದಕ್ಕೆ, ಯಂತ್ರ ಒಡೆದದ್ದಕ್ಕೆ ಬಂದಿದ್ದ ಸಿಟ್ಟೆಲ್ಲ ಅದರ ಮುಂದೆ ಏನೂ ಅಲ್ಲ. ಜೀವಮಾನವಿಡೀ ಸ್ಟೇರಿಂಗ್ ಹಿಡಿದ ಮನುಷ್ಯ ತನ್ನ ಕೈಯನ್ನೇ ನಂಬದಂತೆ ಮಾಡಿದ್ದ ಆ ಡೀಲರ್. ಕಣ್ಣಲ್ಲಿ ನೀರು ಬಂತು, ಅದು ಕೋಪದ ನೀರು. ಕೀ ಎತ್ತಿಕೊಂಡು ಒಳಗೆ ಬಂದೆ. ಗಾಡಿ ಖಾಲಿ ಓಡಿದಾಗ ಸರಿ, ಟ್ರೈಲರ್ ಬೇರೆ ಗಾಡಿಯ ಹಿಂದೆ ಸರಿ. ಆದರೆ ಈ ಗಾಡಿಯನ್ನು ಭಾರ ಕಟ್ಟಿ ಬೇರೆ ಯಾರೂ ಓಡಿಸಿಯೇ ಇಲ್ಲ! ಸಂಸ್ಕೃತದ ಮೇಷ್ಟ್ರ ತರ್ಕದಲ್ಲಿ ತೂತಿದ್ದದ್ದು ಅಲ್ಲಿ. ಭಾರ ಬಿದ್ದಾಗ ಮಾತ್ರ ಬಾಗುವಂಥದ್ದು ಗಾಡಿಯಲ್ಲಿ ಏನೋ ಇರಬೇಕು.

ನೆಲ ಅಳೆಯುವವಳು ನಾನು, ಗಾಡಿ ಅಳೆಯಲಾರೆನೇ? ಪೋರ್ಟಿಕೋದ ಸಮತಟ್ಟು ನೆಲದ ಮೇಲೆ ಗಾಡಿ ನಿಲ್ಲಿಸಿದೆ. ಅಡಿಯಲ್ಲಿರುವ ಚಾಸಿ ಅಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ. ಎರಡೂ ತೊಲೆಯಲ್ಲಿ ಎದುರುಬದುರು ಒಂದೇ ಥರದ ಬೋಲ್ಟು, ತೂತು ಇರುತ್ತವೆ. ಒಂದೊಂದರಿಂದಲೂ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟು, ಅದು ತೋರಿಸಿದ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಗಾಡಿಯನ್ನು ಹೊರಗೆ ತೆಗೆದರೆ ಅದರ ನಕ್ಷೆ ನೆಲದ ಮೇಲೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಎರಡೂ ಕರ್ಣ ಸಮ ಬರಬೇಕು. ಟೇಪಿನ ಆ ತುದಿ ಹಿಡಿಯಲು ಗಂಡನನ್ನೇ ಕೂರಿಸಿದೆ. ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಮುಂಭಾಗದ ಕರ್ಣಗಳು ಸಮ. ಹಿಂಭಾಗದಲ್ಲಿ ಒಂದು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ.

"ಇನ್ನೊಂದ್ಸಲ ಹಿಡಿ," ಎಂದರು. ಹಿಡಿದೆ. ಅಷ್ಟೇ. ಜಾಗ ಬದಲಿಸಿಕೊಂಡು ಹಿಡಿದೆವು. ಅಷ್ಟೇ. ನನ್ನ ಗಂಡನ ಮುಖ ಕಪ್ಪಿಟ್ಟಿತು.

ಗಾಡಿಯಡಿ ಮಲಗಿ, ಎಡಗಡೆ ತೊಲೆಯ ಹಿಂಭಾಗದಲ್ಲಿ ಆ ಮಿರುಗುವ ಕಪ್ಪನ್ನು ಸ್ಕ್ರೂಡ್ರೈವರಿನಿಂದ ಕೆರೆದೆ. ಮುಖದ ಮೇಲೆಲ್ಲ ಚಕ್ಕೆ ಉದುರಿತು. ಹಿಂಚಕ್ರದ ಸ್ಪ್ರಿಂಗ್ ಪಟ್ಟಿ ಸೇರುವ ಜಾಗದ ಪಕ್ಕದಲ್ಲೇ, ಕಪ್ಪಿನ ಅಡಿಯಲ್ಲಿ, ತೊಲೆಯ ಸುತ್ತ ದಪ್ಪ ವೆಲ್ಡಿಂಗ್ ಗೆರೆ. ಯಾವತ್ತೋ ಹಿಂದಿನಿಂದ ಗುದ್ದಿಸಿಕೊಂಡ ಗಾಡಿ. ಬಾಗಿದ ತೊಲೆ ಕತ್ತರಿಸಿ ಬೇರೆ ತುಂಡು ಕೂರಿಸಿ ಬೆಸೆದು, ಉಜ್ಜಿ, ಮೇಲೆ ಕಪ್ಪು ಬಳಿದಿದ್ದಾರೆ. ಖಾಲಿ ಇದ್ದಾಗ ಅದು ಹೇಗೋ ಹಿಡಿದುಕೊಂಡಿರುತ್ತದೆ. ಹಿಂದೆ ಭಾರ ಕಟ್ಟಿ ಟ್ರೈಲರ್ ಎಳೆದಾಡಿದರೆ ಅಲ್ಲಿ ಬಾಗುತ್ತದೆ, ಹಿಂಚಕ್ರ ಓರೆಯಾಗುತ್ತದೆ. ಆಗ ಮುಂದೆ ಕೂತವನು ಎಷ್ಟು ನೇರ ಹಿಡಿದರೂ ಹಿಂದಿನಿಂದ ಇನ್ನೊಬ್ಬ ತಿರುಗಿಸಿದ ಹಾಗೆ. ಬೇರೆ ಊರಿನವರಾಗಿದ್ದರೆ ಇಷ್ಟು ಹೊಸದಾಗಿ ಬಳಿದು ಏನು ಮುಚ್ಚಿದ್ದೀಯಪ್ಪಾ ಎಂದು ಮೊದಲ ದಿನವೇ ಕೇಳುತ್ತಿದ್ದರು. ಮಳೆಯ ನಾಡಿನವರು ನಾವು, ಕಪ್ಪು ಕಂಡು ಕೈ ಮುಗಿದೆವು. ಅದು ಆ ಡೀಲರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅವನನ್ನು ಕರೆಸಿದ್ದು ಗಂಡ. ಬಂದ, ಬಗ್ಗಿ ನೋಡಿದ, ಒಂಚೂರೂ ಬೆವರಲಿಲ್ಲ. "ವೆಲ್ಡಿಂಗ್ ಇದೆ ಸಾರ್, ಇಲ್ಲ ಅಂದ್ನಾ? ವೆಲ್ಡ್ ಮಾಡಿದ್ದು ಕಂಪನಿದಕ್ಕಿಂತ ಗಟ್ಟಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಡ್ರೈವಿಂಗ್ ಸರಿ ಇದ್ರೆ ಏನೂ ಆಗಲ್ಲ."

ಆಗಲೇ ನಾನು ನಿರ್ಧಾರ ಮಾಡಿದ್ದು. "ಹಾಗಾದ್ರೆ ಬನ್ನಿ, ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ಭಾರ ಕಟ್ಟಿ ಓಡ್ಸಣ." ಅವನು ವಾಚು ನೋಡಿಕೊಂಡ, ಕೆಲಸವಿದೆ ಎಂದ. ನನ್ನ ಗಂಡ ಎಂದೂ ಆಡದ ದನಿಯಲ್ಲಿ, "ಕೂತ್ಕೊಳೋ ಮಾರಾಯ. ಗಟ್ಟಿ ಇದೆ ಅಂತ ನೀನೇ ಅಂದ್ಯಲ್ಲ," ಎಂದರು.

ಭಾರ ಕಟ್ಟಿದ ಈ ಗಾಡಿಯನ್ನು ಜನ ಓಡಾಡುವ ರಸ್ತೆಗೆ ಇಳಿಸುವಷ್ಟು ನನಗೆ ತಲೆ ಕೆಟ್ಟಿರಲಿಲ್ಲ. ನವುಲೆಯಾಚೆ ಹೊಸ ಲೇಔಟ್ ಒಂದಿದೆ. ಸೈಟಿನ ಕಲ್ಲು ನೆಟ್ಟಿದ್ದಾರೆ, ಅಗಲ ಟಾರು ರಸ್ತೆ ಮಾಡಿದ್ದಾರೆ, ಒಂದು ಮನೆಯೂ ಎದ್ದಿಲ್ಲ. ಮರಳುಚೀಲ ಹೇರಿದ ಟ್ರೈಲರನ್ನು ಪಿಕಪ್ಪಿನಲ್ಲಿ ಅಲ್ಲಿಗೆ ಎಳೆಸಿ, ನಾನೇ ಖಾಲಿ ಓಡಿಸಿಕೊಂಡು ಬಂದ ಎಸ್‌ಯುವಿಗೆ ಕಟ್ಟಿಸಿದೆ. ಪಿಕಪ್ಪನ್ನು ರಸ್ತೆಯ ಬಾಯಿಗೆ ಅಡ್ಡ ನಿಲ್ಲಿಸಿದೆ. ಅಣ್ಣನಿಗೆ ಹೇಳಿಕಳಿಸಿದ್ದೆ, ಬಂದಿದ್ದರು. ಕೀ ಚಾಚಿದರೆ ಕೈ ಹಿಂದಕ್ಕೆಳೆದುಕೊಂಡರು.

"ನಾನು ಬೇಡ ಮೇಡಂ. ನಿಮಗೇ ಬರತ್ತಲ್ಲ, ನೀವೇ ಓಡ್ಸಿ."

"ಓಡ್ಸೋಕೆ ನಂಗೂ ಬರತ್ತೆ ಅಣ್ಣ. ಅಲ್ಲಾಡೋಕೆ ಶುರುವಾದ್ಮೇಲೆ ನಿಲ್ಸೋಕೆ ಬರಲ್ಲ. ಅವತ್ತು ನಾನು ಬದುಕಿದ್ದು ನಿಮ್ಮ ಕೈಯಿಂದ. ನಂಗೆ ಗೊತ್ತು. ಈ ಮನುಷ್ಯನಿಗೂ ಗೊತ್ತಾಗ್ಲಿ."

ಅಣ್ಣ ಕೀ ಈಸಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದರು. ಡೀಲರ್ ಪಕ್ಕದಲ್ಲಿ, ನಾನು ಹಿಂದೆ. ಎಲ್ಲರಿಗೂ ಬೆಲ್ಟ್ ಹಾಕಿಸಿದೆ.

ನಿಧಾನಕ್ಕೆ ಹೋದಾಗ ಏನೂ ಇಲ್ಲ. "ನೋಡಿ, ನಾನು ಹೇಳ್ಲಿಲ್ವಾ?" ಎಂದು ಡೀಲರ್ ಹಿಂದೆ ತಿರುಗಿ ನಕ್ಕ. "ಇನ್ನೊಂಚೂರು ಅಣ್ಣ," ಎಂದೆ. ವೇಗ ಏರಿತು. "ಈಗ ಸ್ವಲ್ಪ ಎಡಕ್ಕೆ ಎಳೆದು ನೇರ ಮಾಡಿ." ಅಷ್ಟೇ ಬೇಕಿತ್ತು. ಟ್ರೈಲರ್ ಒಂದು ಸಲ ಓಲಿತು, ಎರಡನೇ ಸಲ ದೊಡ್ಡದಾಗಿ ಓಲಿತು, ಮೂರನೆಯದಕ್ಕೆ ನಮ್ಮ ಹಿಂಚಕ್ರಗಳು ಕಿರ್ರೆಂದವು. ಡೀಲರ್ "ಅಯ್ಯಯ್ಯೋ, ಬ್ರೇಕು! ಬ್ರೇಕ್ ಹಿಡೀರಿ!" ಎಂದು ಕಿರುಚಿ ಸ್ಟೇರಿಂಗಿಗೇ ಕೈ ಹಾಕಿದ. ಅಣ್ಣ ಆ ಕೈಯನ್ನು ಪಟ್ಟೆಂದು ಬಡಿದು ಆಚೆ ತಳ್ಳಿದರು. ಬ್ರೇಕ್ ಮುಟ್ಟಲಿಲ್ಲ. ಕಾಲು ಎತ್ತಿದರು, ಸ್ಟೇರಿಂಗ್ ನೇರ ಹಿಡಿದರು, ಅಷ್ಟೇ. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಗಾಡಿಯೆಲ್ಲ ಗದಗದ ನಡುಗುತ್ತಿತ್ತು, ಆ ಎರಡು ಕೈ ಮಾತ್ರ ಕದಲಲಿಲ್ಲ. ರಸ್ತೆಯಂಚಿನ ಚರಂಡಿಗೆ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು.

ಡೀಲರ್ ಇಳಿದವನೇ ಸೈಟಿನ ಕಲ್ಲು ಹಿಡಿದುಕೊಂಡು ಕುಸಿದು ಕೂತ. ನಾನು ಗಾಡಿಯಡಿ ಬಗ್ಗಿ ನೋಡಿದೆ. ಗಟ್ಟಿ ಎಂದಿದ್ದ ವೆಲ್ಡಿಂಗ್ ಬಿರುಕು ಬಿಟ್ಟು, ಒಳಗಿನ ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಪಿಕಪ್ಪಿನ ಹತ್ತಿರದಿಂದ ಓಡಿಬಂದ ಗಂಡನಿಗೆ ಅದರ ಫೋಟೋ ತೆಗೆಯಲು ಹೇಳಿ, ಡೀಲರನ ಮುಂದೆ ಬಂದು ನಿಂತೆ.

"ಸತ್ತೇ ಹೋಗ್ತಿದ್ವಲ್ಲ ಮೇಡಂ," ಎಂದ. ಅವನು ನನಗೇ ನೇರವಾಗಿ ಆಡಿದ ಮೊದಲ ಮರ್ಯಾದೆಯ ಮಾತು ಅದು.

"ಫೋನ್ ತೆಗೀರಿ. ಅಣ್ಣ ಕುಡೀತಾರೆ ಅಂತ ಯಾರ್ ಯಾರಿಗೆ ಹೇಳಿದ್ರಿ, ಅವ್ರಿಗೆಲ್ಲ ಈಗಲೇ ಮಾಡಿ. ಸ್ಪೀಕರ್ ಹಾಕಿ. ಇಲ್ದಿದ್ರೆ ಈ ಬಿರುಕಿನ ಫೋಟೋ ಶಿವಮೊಗ್ಗ ಭದ್ರಾವತಿಯ ಒಬ್ಬೊಬ್ಬ ಮೆಕ್ಯಾನಿಕ್‌ನ ಮೊಬೈಲಿಗೂ ಹೋಗತ್ತೆ."

ಮಾಡಿದ. ಎರಡೂ ಮನೆಗೆ ಮಾಡಿದ. "ನಾನು ತಪ್ಪು ಹೇಳಿದ್ದೆ, ಅವ್ರು ಕುಡಿಯಲ್ಲ, ಗಾಡೀನೇ ಸರಿ ಇರ್ಲಿಲ್ಲ," ಎನ್ನುವಾಗ ನಾಲಿಗೆ ತಡವರಿಸುತ್ತಿತ್ತು. ಅಣ್ಣ ಗಾಡಿಗೆ ಒರಗಿ ನಿಂತು, ನೆಲ ನೋಡುತ್ತಾ, ಪ್ರತಿ ಮಾತನ್ನೂ ಕೇಳಿಸಿಕೊಂಡರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಆ ಫೋಟೋವನ್ನು ನಾನು ಎಲ್ಲರಿಗೂ ಕಳಿಸಿಯೇ ಕಳಿಸಿದೆ. ಈ ಗಾಡಿಗೆ ಮತ್ತೆ ಕಪ್ಪು ಬಳಿದು ಇನ್ನೊಬ್ಬರ ಮಕ್ಕಳನ್ನು ಕೂರಿಸಲು ಬಿಡುವುದಾದರೂ ಹೇಗೆ?

ಡೀಲರ್ ಕೊನೆಗೆ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡ. ಗಾಡಿ ವಾಪಸ್ ತಗೋತೀನಿ ಎಂದ. ಕೀ ಈಸಿಕೊಂಡು ಬಾಗಿಲವರೆಗೂ ಹೋದ. ಹತ್ತಲಿಲ್ಲ. ಒಳಗಿನ ಸೀಟನ್ನು ನೋಡಿದ, ಹಿಂಚಕ್ರವನ್ನು ನೋಡಿದ, ಆಮೇಲೆ ತಿರುಗಿ ಬಂದು ಕೀಯನ್ನು ಅಣ್ಣನ ಕಡೆಗೇ ಚಾಚಿದ.

"ಅಣ್ಣಾ, ಟ್ರೈಲರ್ ಬಿಚ್ಬಿಟ್ಟು ಭದ್ರಾವತಿ ಶೆಡ್‌ವರೆಗೂ ನೀವೇ ತಂದ್ಬಿಡಿ. ನನ್ನ ಕೈಯೆಲ್ಲ ನಡುಗ್ತಿದೆ."

ಅಣ್ಣ ಕೀ ಮುಟ್ಟಲಿಲ್ಲ. ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡರು.

"ನಾನು ಕುಡಿದಿಲ್ಲ ಸಾರ್. ಅದಕ್ಕೇ ಇದನ್ನ ಓಡ್ಸಲ್ಲ."